ಶ್ಲೋಕ ಬರೆಯುವಾಗ ದಂಡ ಎಲ್ಲಿ, ಅವಗ್ರಹ ಎಲ್ಲಿ?

ಶ್ಲೋಕ ಟೈಪ್ ಮಾಡಿ ಕಳಿಸುವವರು ಈಗ ಜಾಸ್ತಿ. ಅಕ್ಷರಗಳೇನೋ ಸರಿ ಇರುತ್ತವೆ. ಚಿಹ್ನೆಗಳು ಮಾತ್ರ ಮನಸ್ಸಿಗೆ ಬಂದಲ್ಲಿ: ಒಂದು ಕಡೆ ಕಾಮಾ, ಇನ್ನೊಂದು ಕಡೆ ಫುಲ್‌ಸ್ಟಾಪ್, ಕೊನೆಗೊಂದು ಆಶ್ಚರ್ಯಸೂಚಕ ಬೇರೆ. ಇಷ್ಟೆಲ್ಲ ಬೇಕಿಲ್ಲ. ಒಂಟಿ ದಂಡ (।), ಜೋಡಿ ದಂಡ (॥), ಅವಗ್ರಹ (ಽ), ಇಷ್ಟಿದ್ದರೆ ಕೆಲಸ ಆಗುತ್ತದೆ. ದಂಡ ಕೂರುವುದು ಛಂದಸ್ಸು ಹೇಳಿದ ಕಡೆ, ಅರ್ಥ ನಿಂತ ಕಡೆ ಅಲ್ಲ. ಇದೊಂದು ನೆನಪಿರಲಿ.

ಮೊದಲು ಅಕ್ಷರ ಎಣಿಸಿ. ಅನುಷ್ಟುಪ್ ಎಂಬ ಛಂದಸ್ಸಾದರೆ ಪಾದಕ್ಕೆ, ಅಂದರೆ ಶ್ಲೋಕದ ಕಾಲು ಭಾಗಕ್ಕೆ, 8 ಅಕ್ಷರ, ನಾಲ್ಕು ಪಾದ. ಎರಡು ಪಾದ ಮುಗಿದಾಗ, ಅಂದರೆ 16 ಅಕ್ಷರಕ್ಕೆ, ಒಂಟಿ ದಂಡ. ನಾಲ್ಕೂ ಮುಗಿದಾಗ ಜೋಡಿ ದಂಡ. ಉದ್ದನೆಯ ವೃತ್ತಗಳನ್ನು ಪಾದಕ್ಕೊಂದು ಸಾಲಿನಂತೆ ನಾಲ್ಕು ಸಾಲಲ್ಲಿ ಬರೆದರೂ ದಂಡ ಬರುವುದು ಎರಡನೆಯ ಮತ್ತು ನಾಲ್ಕನೆಯ ಸಾಲಿನ ಕೊನೆಗೆ ಮಾತ್ರ.

ಸಂಧಿ ನೋಡಿ. ಗೀತೆಯ ಮೊದಲ ಶ್ಲೋಕವನ್ನೇ ತೆಗೆದುಕೊಳ್ಳಿ:

ಧರ್ಮಕ್ಷೇತ್ರೇ ಕುರುಕ್ಷೇತ್ರೇ ಸಮವೇತಾ ಯುಯುತ್ಸವಃ ।
ಮಾಮಕಾಃ ಪಾಂಡವಾಶ್ಚೈವ ಕಿಮಕುರ್ವತ ಸಂಜಯ ॥

ವಾಕ್ಯ ದಂಡದಲ್ಲಿ ಮುಗಿದಿಲ್ಲ, ಮುಂದಕ್ಕೆ ಹರಿಯುತ್ತಿದೆ. ಆದರೂ ‘ಯುಯುತ್ಸವಃ’ ಎಂಬಲ್ಲಿ ವಿಸರ್ಗ ಹಾಗೇ ಉಳಿದಿದೆ. ನಡುವೆ ದಂಡ ಇಲ್ಲದಿದ್ದರೆ ಅದು ‘ಯುಯುತ್ಸವೋ ಮಾಮಕಾಃ’ ಆಗಬೇಕಿತ್ತು. ದಂಡ ಸಂಧಿಗೆ ಗೋಡೆ. ಆದರೆ ಗೋಡೆಯ ಈಚೆಗೆ, ಅಂದರೆ ದಂಡ ಬರುವ ತನಕ, ಸಂಧಿ ಆಗುತ್ತಲೇ ಇರುತ್ತದೆ. ಎರಡನೆಯ ಅಧ್ಯಾಯದ 47ನೇ ಶ್ಲೋಕದ ಉತ್ತರಾರ್ಧ ನೋಡಿ:

ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ ॥

ಮೂರನೆಯ ಪಾದ ‘ಭೂರ್’ಗೆ ಮುಗಿಯಿತು, ನಾಲ್ಕನೆಯದು ‘ಮಾ’ದಿಂದ ಶುರು. ಎರಡೂ ಸೇರಿ ‘ರ್ಮಾ’ ಎಂಬ ಒಂದೇ ಒತ್ತಕ್ಷರದೊಳಗೆ ಪಾದದ ಗಡಿ ಅಡಗಿ ಕೂತಿದೆ. ಇಲ್ಲಿ ಕಾಮಾ ಹಾಕುತ್ತೇನೆ ಅಂದರೆ ಎಲ್ಲಿ ಹಾಕುತ್ತೀರಿ? ಹಾಕಲೇಬೇಕೆಂದರೆ ಅಕ್ಷರವನ್ನೇ ಒಡೆಯಬೇಕು.

ಕೊನೆಯ ‘ಮ್’. ‘ಪರಿತ್ರಾಣಾಯ ಸಾಧೂನಾಂ ವಿನಾಶಾಯ ಚ ದುಷ್ಕೃತಾಮ್ ।’ ಒಂದೇ ಸಾಲು, ಎರಡು ಬರವಣಿಗೆ. ಮುಂದೆ ವ್ಯಂಜನ ಇದ್ದಲ್ಲಿ ಸೊನ್ನೆ, ದಂಡದ ಮುಂಚೆ ಪೂರ್ತಿ ‘ಮ್’. ಅಚ್ಚಾದ ಪುಸ್ತಕಗಳಲ್ಲೂ ದಂಡದ ಹಿಂದೆ ಸೊನ್ನೆ ಕಾಣುತ್ತದೆ, ಆದರೆ ವ್ಯಾಕರಣ ಕೇಳುವುದು ‘ಮ್’.

ಅವಗ್ರಹ. ಪದದ ಕೊನೆಯ ಏ ಅಥವಾ ಓ ಮುಂದೆ ಬರುವ ‘ಅ’ ಲೋಪವಾದರೆ, ಆ ಜಾಗಕ್ಕೆ ಽ. ಮೇಲಿನ ‘ಸಂಗೋಽಸ್ತು’ ಅಂದರೆ ಸಂಗಃ + ಅಸ್ತು. ಇದಕ್ಕೆ ಉಚ್ಚಾರಣೆ ಇಲ್ಲ, ಅಕ್ಷರ ಎಣಿಸುವಾಗ ಲೆಕ್ಕಕ್ಕೂ ಇಲ್ಲ. ಕಣ್ಣಿಗೆ ಮಾತ್ರ. ಕೆಲವರು ‘ತಥಾಪಿ’ಯನ್ನೂ ‘ತಥಾಽಪಿ’ ಎಂದು ಬರೆಯುತ್ತಾರೆ. ಅದು ಓದುಗರಿಗೆ ಕೊಟ್ಟ ಸುಳಿವು ಅಷ್ಟೇ, ಕಡ್ಡಾಯವಲ್ಲ. ನಾನಂತೂ ಹಾಕುವುದಿಲ್ಲ.

ಪ್ರಶ್ನಾರ್ಥಕ, ಉದ್ಧರಣ ಚಿಹ್ನೆಗಳೆಲ್ಲ ಅಚ್ಚಿನ ಕಾಲದ ಸಂಪಾದಕರು ಸೇರಿಸಿದ್ದು. ಹಳೆಯ ಓಲೆಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇರಲಿಲ್ಲ. ಪ್ರಶ್ನೆಯನ್ನು ‘ಕಿಮ್’ (ಏನು) ಹೇಳುತ್ತದೆ, ಆಡಿದ ಮಾತು ಮುಗಿಯಿತೆಂದು ‘ಇತಿ’ ಹೇಳುತ್ತದೆ, ಮತ್ತೆ ಚಿಹ್ನೆ ಯಾಕೆ, ಅಲ್ವಾ? ಇನ್ನೊಂದು ತಮಾಷೆ: ಜೋಡಿ ದಂಡ ಬಂದರೂ ವಾಕ್ಯ ಮುಗಿದಿರಲೇಬೇಕು ಅಂತೇನಿಲ್ಲ. ಎರಡು ಶ್ಲೋಕಕ್ಕೆ ಒಂದೇ ವಾಕ್ಯವಾದರೆ ಅದಕ್ಕೆ ಯುಗ್ಮಕ ಎಂದೇ ಹೆಸರು. ಐದೋ ಅದಕ್ಕಿಂತ ಹೆಚ್ಚೋ ಆದರೆ ಕುಲಕ.

ಟೈಪ್ ಮಾಡುವಾಗ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ ಬೇರೆ ದಂಡ ಇಲ್ಲ, ದೇವನಾಗರಿ ವಿಭಾಗದ 0964 ಮತ್ತು 0965ನ್ನೇ ಬಳಸಬೇಕು. ಕೀಬೋರ್ಡಿನ ಉದ್ದ ಗೆರೆ (|), ಇಂಗ್ಲಿಷಿನ ಎಲ್, ಒಂಟಿ ದಂಡವನ್ನೇ ಎರಡು ಸಲ ಒತ್ತುವುದು, ಇವೆಲ್ಲ ನೋಡಲು ಒಂದೇ ಥರ ಕಂಡರೂ ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಅವಗ್ರಹಕ್ಕೆ ಇಂಗ್ಲಿಷಿನ ಎಸ್, ವಿಸರ್ಗಕ್ಕೆ ಕೋಲನ್ ಕೂಡ ಬೇಡ. ದಂಡದ ಹಿಂದೆ ಸುಮ್ನೆ ಸ್ಪೇಸ್ ಕೊಟ್ಟರೆ ದಂಡ ಕೆಲವೊಮ್ಮೆ ಮುಂದಿನ ಸಾಲಿಗೆ ಜಾರಿ ಒಂಟಿಯಾಗಿ ನಿಲ್ಲುತ್ತದೆ, ಹಾಗಾಗಿ ಅಲ್ಲಿ ಒಡೆಯದ ಸ್ಪೇಸ್ (ನಾನ್-ಬ್ರೇಕಿಂಗ್ ಸ್ಪೇಸ್) ಹಾಕಿ. ಶ್ಲೋಕದ ಸಂಖ್ಯೆ ಜೋಡಿ ದಂಡಗಳ ನಡುವೆ ಬರಲಿ, ॥ ೪೭ ॥ ಹೀಗೆ. ಕೊನೆಯ ಜೋಡಿ ದಂಡ ಬಿಟ್ಟರೂ ನಡೆಯುತ್ತದೆ, ಬಿಟ್ಟರೆ ಎಲ್ಲ ಶ್ಲೋಕಕ್ಕೂ ಬಿಡಿ.