ಸಣ್ಣ ಗೋಳ, ದೊಡ್ಡ ಬಾಕ್ಸ್: ಸ್ಕ್ವರ್ಮರ್ ಸಿಮ್ಯುಲೇಶನ್‌ನಲ್ಲಿ ನನ್ನ ಅನುಭವ

ಸ್ಕ್ವರ್ಮರ್ ಎಂದರೆ ಮೇಲ್ಮೈಯ ಜಾರುವಿಕೆಯಿಂದ ತಾನೇ ಈಜುವ ಸೂಕ್ಷ್ಮಜೀವಿಯ ಗೋಳಾಕಾರದ ಮಾದರಿ. ದ್ರವದ ಹರಿವನ್ನು ಗ್ರಿಡ್ ಬಿಂದುಗಳಲ್ಲಿ ಲೆಕ್ಕ ಹಾಕುವ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದಲ್ಲಿ ಸ್ಕ್ವರ್ಮರ್‌ನ ತ್ರಿಜ್ಯ ಎಂಟು ಗ್ರಿಡ್ ಅಂತರಕ್ಕಿಂತ ಕಡಿಮೆಯಾದರೆ ಫಲಿತಾಂಶವನ್ನು ನಂಬಲಾಗದು ಎಂದು ನನ್ನ ಜೊತೆಗಾರರು ಖಡಾಖಂಡಿತವಾಗಿ ಹೇಳಿದ್ದರು. ನಾನು ನಾಲ್ಕರಲ್ಲೇ ನಿಲ್ಲಲು ಕಾರಣ ಖರ್ಚು. ತ್ರಿಜ್ಯ ಇಮ್ಮಡಿಯಾದರೆ ಗ್ರಿಡ್ ಬಿಂದುಗಳು ಎಂಟು ಪಟ್ಟಾಗುತ್ತವೆ. ರೆನಾಲ್ಡ್ಸ್ ಸಂಖ್ಯೆಯನ್ನು (ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 0.01ರ ಆಸುಪಾಸಿನಲ್ಲೇ ಹಿಡಿದಿಡಲು ಕಾಲದ ಹೆಜ್ಜೆಗಳು ನಾಲ್ಕು ಪಟ್ಟು ಬೇಕು. ಹೀಗೆ ಒಟ್ಟು ಹೊರೆ ಮೂವತ್ತೆರಡು ಪಟ್ಟಾಗುತ್ತದೆ. ಅಷ್ಟರಲ್ಲಾಗಲೇ ಅನುದಾನದ ಮೂರನೇ ಒಂದು ಪಾಲು ಜಿಪಿಯು ಬಾಡಿಗೆಗೆ ಹೋಗಿತ್ತು.

ಒಂಟಿ ಗೋಳದ ಪರೀಕ್ಷೆಗಳು ಸಲೀಸಾಗಿ ಮುಗಿದವು. ಹೊರಬಲದಿಂದ ಎಳೆದ ಗೋಳದ ವೇಗವು, ತ್ರಿಜ್ಯದ ಹದಿನಾರು ಪಟ್ಟು ಅಗಲದ ಆವರ್ತಕ ಬಾಕ್ಸಿನಲ್ಲಿ (ಒಂದು ಬದಿಯಿಂದ ಹೊರಟದ್ದು ಎದುರು ಬದಿಯಿಂದ ಒಳಬರುವ ಲೆಕ್ಕದ ಪೆಟ್ಟಿಗೆ), ಹಾಸಿಮೊಟೊ 1959ರಲ್ಲಿ ಕೊಟ್ಟ ಸೂತ್ರದಂತೆ ಸ್ಟೋಕ್ಸ್ ವೇಗಕ್ಕಿಂತ (ಎಲ್ಲೆಯಿಲ್ಲದ ದ್ರವದಲ್ಲಿ ಒಂಟಿ ಗೋಳದ ವೇಗ) ಸುಮಾರು ಶೇ. 18ರಷ್ಟು ಕಡಿಮೆ ಬಂತು. ಸ್ವತಃ ಈಜುವ ಗೋಳದ ಮೇಲೆ ಒಟ್ಟು ಬಲ ಶೂನ್ಯವಾದ್ದರಿಂದ ಅಲ್ಲಿ ಬಾಕ್ಸಿನ ಪ್ರಭಾವ ತೀರ ಅಲ್ಪ.

ನಿಜವಾದ ತೊಡಕು ಜೋಡಿಗಳಲ್ಲಿತ್ತು. ಎರಡು ಗೋಳಗಳ ನಡುವಿನ ಸಂದು ಅರ್ಧ ಗ್ರಿಡ್ ಅಂತರಕ್ಕೆ ಇಳಿದೊಡನೆ ಅವು ಅಂಟಿಕೊಂಡು, ದಿಕ್ಕುಗಳು ಹೆಜ್ಜೆಹೆಜ್ಜೆಗೂ ಅತ್ತಿತ್ತ ಅದುರುತ್ತಾ, ನೋಡನೋಡುತ್ತಿದ್ದಂತೆ ಸುಳ್ಳು ಗುಂಪುಗಳು ಬೆಳೆಯುತ್ತಿದ್ದವು. ಗ್ರಿಡ್ ಹಿಡಿಯಲಾಗದ ಕಿರುಸಂದಿನ ದ್ರವದ ಬಲವನ್ನು ಸೇರಿಸುವ ಸಿದ್ಧ ಲೂಬ್ರಿಕೇಶನ್ ತಿದ್ದುಪಡಿಯು ನಿಷ್ಕ್ರಿಯ ಗೋಳಗಳಿಗಾಗಿ ಬರೆದದ್ದು. ಅದು ಗೋಳಗಳ ಚಲನೆಯನ್ನಷ್ಟೇ ಎಣಿಸುತ್ತದೆ, ಮೇಲ್ಮೈಯ ಜಾರುವೇಗವನ್ನಲ್ಲ. ಅತಿ ಸಮೀಪದ ಬಿಂದುಗಳಲ್ಲಿನ ಜಾರುವೇಗವನ್ನೂ ಬಲ ಮತ್ತು ಟಾರ್ಕ್ ಎರಡಕ್ಕೂ ಸೇರಿಸಿದ ಮೇಲೆ ಜೋಡಿಗಳು ಒಂದನ್ನೊಂದು ಸವರಿ, ದಿಕ್ಕು ಬದಲಿಸಿ ದೂರ ಸರಿದವು. ಗೋಳ ಮುಂದೆ ಸರಿದಾಗ ಅದರ ಹಿಂದೆ ತೆರೆದುಕೊಳ್ಳುವ ಬಿಂದುಗಳಿಗೆ ದ್ರವವನ್ನು ಹೇಗೆ ತುಂಬುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸಣ್ಣ ತ್ರಿಜ್ಯ ದಕ್ಕಿದ್ದರಲ್ಲಿ ಅದರ ಪಾಲು ದೊಡ್ಡದು.

  

ಒಂದೇ ದಿಕ್ಕಿಗೆ ಈಜುವ ಕಣಗಳ ಸಸ್ಪೆನ್ಷನ್ (ದ್ರವದಲ್ಲಿ ಹರಡಿದ ಕಣಗಳ ಮಿಶ್ರಣ), ಜಡತ್ವ ನಗಣ್ಯವಾದ ಸ್ಟೋಕ್ಸ್ ಮಿತಿಯಲ್ಲಿ, ಸ್ಥಿರವಲ್ಲ ಎಂದು ಅದಿತಿ ಸಿಂಹ ಮತ್ತು ಶ್ರೀರಾಮ್ ರಾಮಸ್ವಾಮಿ 2002ರಲ್ಲೇ ತೋರಿಸಿದ್ದರು. ಸಣ್ಣ ಬಾಕ್ಸಿನಲ್ಲಿ ಉದ್ದದ ತರಂಗಗಳಿಗೆ ಜಾಗವಿಲ್ಲದೆ ಹಿಂಬದಿಯಿಂದ ದ್ರವವನ್ನು ತಳ್ಳಿ ಈಜುವ ನನ್ನ ಪುಷರ್‌ಗಳ ಸಾಲು ಹಾಗೇ ಉಳಿಯುತ್ತಿತ್ತು. ಸಣ್ಣ ತ್ರಿಜ್ಯದಿಂದ ಉಳಿಸಿದ ಮೆಮೊರಿಯಲ್ಲಿ ತ್ರಿಜ್ಯದ ಎಂಬತ್ತು ಪಟ್ಟು ಅಗಲದ ಬಾಕ್ಸನ್ನು ಒಂದೇ ಜಿಪಿಯುವಿನಲ್ಲಿ ಓಡಿಸಿದಾಗ, ಈಜುವ ದಿಕ್ಕಿಗುಂಟ ಬಾಗು ಮೂಡಿ ಸಾಲು ಮುರಿಯಿತು. ಮೊದಲು ಅನುಮಾನಿಸಿದವರೇ ಈಗ ಕೋಡ್ ಕೇಳುತ್ತಿದ್ದಾರೆ.