ಎಸ್‌ಎನ್‌ಎ ಯೂನಿಟ್ ನಡೆಸುವುದು: ನಡವಳಿ ಪುಸ್ತಕದಿಂದ ಸಮ್ಮೇಳನದವರೆಗೆ

ಹೆಚ್ಚಿನ ನರ್ಸಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಎ (ವಿದ್ಯಾರ್ಥಿ ನರ್ಸ್‌ಗಳ ಸಂಘ) ಎಂದರೆ ಮೇ 12ರ ನರ್ಸ್ ದಿನದ ರಂಗೋಲಿ, ದೀಪ ಬೆಳಗುವ ಸಮಾರಂಭದ ಶಾಮಿಯಾನ, ಫ್ರೆಶರ್ಸ್ ಡೇ ಊಟದ ಲೆಕ್ಕ. ಅಷ್ಟಕ್ಕೇ ಆದರೆ ಕಾಲೇಜಿನ ಸಾಂಸ್ಕೃತಿಕ ಸಮಿತಿ ಸಾಕಿತ್ತು. ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್ ಹುಟ್ಟಿದ್ದು 1929ರಲ್ಲಿ, ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾದ ಅಂಗವಾಗಿ. ತಾಯಿಸಂಘ ಟಿಎನ್‌ಎಐ 1908ರದು. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸಂಬಳದ ವಿಷಯವನ್ನು 2011ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದದ್ದು ಇದೇ ಸಂಘ. 2016ರ ಜನವರಿಯಲ್ಲಿ ಬಂದ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂಬ ಶಿಫಾರಸು ಬಂದದ್ದು ಆ ಸಮಿತಿಯಿಂದ. ಜಾರಿಯ ಕಥೆ ಬೇರೆ. ಆದರೆ ಮೂರನೇ ವರ್ಷದ ಹುಡುಗಿಗೆ ಮುಂದೆ ಸಿಗುವ ಸಂಬಳದ ಚೀಟಿಗೂ ಈ ಸಂಘಕ್ಕೂ ಸಂಬಂಧ ಇದೆ ಎಂದು ತಿಳಿಸುವುದು ಎಸ್‌ಎನ್‌ಎ ಅಡ್ವೈಸರ್ ಮಾಡಬೇಕಾದ ಮೊದಲ ಕೆಲಸ.

ನಮ್ಮ ಯೂನಿಟ್ ನಡೆಯುವ ಕ್ರಮವನ್ನು ಇಲ್ಲಿ ಬರೆದಿದ್ದೇವೆ. ಬಿಎಸ್ಸಿ ನರ್ಸಿಂಗ್, ವರ್ಷಕ್ಕೆ 60 ಸೀಟು, ನಾಲ್ಕು ಬ್ಯಾಚು. ಪ್ರಾಂಶುಪಾಲರು ಅಧ್ಯಕ್ಷರು, ಟಿಎನ್‌ಎಐ ಸದಸ್ಯರಾದ ಒಬ್ಬ ಅಧ್ಯಾಪಕರು ಅಡ್ವೈಸರ್. ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ವಿದ್ಯಾರ್ಥಿಗಳು. ಬ್ಯಾಚಿಗೆ ಇಬ್ಬರಂತೆ ಎಂಟು ಪ್ರತಿನಿಧಿಗಳು.

ಚುನಾವಣೆಗೆ ಮುಂಚೆ ಕ್ಲಿನಿಕಲ್ ರೊಟೇಷನ್ ಪ್ಲಾನ್, ಅಂದರೆ ಯಾವ ಗುಂಪಿಗೆ ಯಾವಾಗ ಎಲ್ಲಿ ಪೋಸ್ಟಿಂಗ್ ಎಂಬ ಪಟ್ಟಿ, ಕೈಗೆ ತಗೊಳ್ಳಿ. ಹೆಚ್ಚಿನ ಯೂನಿಟ್‌ಗಳು ಎಡವುವುದು ಇಲ್ಲೇ. ಐದು ಮತ್ತು ಆರನೇ ಸೆಮಿಸ್ಟರ್‌ನಲ್ಲಿ ಮಾನಸಿಕ ಆರೋಗ್ಯದ ಪೋಸ್ಟಿಂಗ್ ಬರುತ್ತದೆ. ಊರಲ್ಲಿ ಆ ಸೌಲಭ್ಯ ಇಲ್ಲದ ಕಾಲೇಜಿನವರು ನಿಮ್ಹಾನ್ಸ್‌ಗೋ ಧಾರವಾಡಕ್ಕೋ ಹೋಗಿ ವಾರಗಟ್ಟಲೆ ಉಳಿಯುತ್ತಾರೆ. ಐದನೇ ಸೆಮಿಸ್ಟರ್‌ನಲ್ಲೂ ಏಳರಲ್ಲೂ ಸಮುದಾಯ ಆರೋಗ್ಯ, ಅಂದರೆ ಪಿಎಚ್‌ಸಿ, ಹಳ್ಳಿ. ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ಕಾರ್ಯದರ್ಶಿ, ಉಪಾಧ್ಯಕ್ಷ, ಖಜಾಂಚಿ ಮೂವರೂ ಒಂದೇ ಕ್ಲಿನಿಕಲ್ ಗುಂಪಿನವರಾದರೆ ಮೂವರೂ ಒಟ್ಟಿಗೇ ಊರು ಬಿಡುತ್ತಾರೆ, ಆ ತಿಂಗಳು ಸಭೆ ಇಲ್ಲ. ಅದಕ್ಕೇ ಒಂದು ನಿಯಮ: ಈ ಮೂರು ಹುದ್ದೆಗೆ ಎ, ಬಿ, ಸಿ ಗುಂಪಿನಿಂದ ಒಬ್ಬೊಬ್ಬರೇ. ಕಾರ್ಯದರ್ಶಿ ಐದನೇ ಸೆಮಿಸ್ಟರ್‌ನವರು, ಸಹಕಾರ್ಯದರ್ಶಿ ಮೂರನೇ ಸೆಮಿಸ್ಟರ್‌ನವರು. ನಾಲ್ಕನೇ ವರ್ಷದವರು ಸಲಹೆ ಕೊಡಲಿ, ಹುದ್ದೆ ಬೇಡ.

ಮತದಾನ ಗುಪ್ತವಾಗಿಯೇ ಆಗಬೇಕು. ಕೈ ಎತ್ತಿಸಿದರೆ ಮೊದಲ ವರ್ಷದವರು ಹಾಸ್ಟೆಲಿನ ಸೀನಿಯರ್ ಅಕ್ಕನ ಮುಖ ನೋಡಿ ಕೈ ಎತ್ತುತ್ತಾರೆ. ಚೀಟಿ, ಶೂ ಡಬ್ಬಿ, ಇಬ್ಬರು ಎಣಿಸುವವರು: ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ.

ಸಭೆ ತಿಂಗಳಿಗೆ ಒಂದು, 45 ನಿಮಿಷ, ನಾಲ್ಕು ವಿಷಯಕ್ಕಿಂತ ಹೆಚ್ಚಿಲ್ಲ. ಎಂಟರಲ್ಲಿ ಐದು ಪ್ರತಿನಿಧಿ ಇಲ್ಲದಿದ್ದರೆ ಸಭೆ ಮುಂದಕ್ಕೆ. ಮೊದಲ 15 ನಿಮಿಷ ಅಡ್ವೈಸರ್ ಒಳಗೆ ಬರುವುದಿಲ್ಲ. ಈ ನಿಯಮಕ್ಕೆ ಸ್ಟಾಫ್ ರೂಮಿನಲ್ಲಿ ಆಕ್ಷೇಪ ಬಂದೇ ಬರುತ್ತದೆ. ಅಡ್ವೈಸರ್‌ಗೂ ಸಂಬಳ ಕೊಡುವುದು ಅದೇ ಮ್ಯಾನೇಜ್‌ಮೆಂಟು, ಇಂಟರ್ನಲ್ ಮಾರ್ಕ್ಸ್ ಹಾಕುವುದೂ ಅದೇ ಕೈ. ಮೇಡಂ ಎದುರಿಗೆ ಕೂತಿದ್ದಾಗ ಬರುವ ದೂರು ಫ್ಯಾನು, ನೀರಿನ ಫಿಲ್ಟರು. ಮೇಡಂ ಹೊರಗಿದ್ದಾಗ ಬರುವುದು ಬೇರೆ.

ದೂರು ಮನವಿಯಾಗುವುದು ನಡವಳಿ ಪುಸ್ತಕದಲ್ಲಿ (ಸಭೆಯ ಮಿನಿಟ್ಸ್ ಬರೆಯುವ ಪುಸ್ತಕ). ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಎದ್ದ ಗಲಾಟೆ ಬೆಳಗಿನ ಡ್ಯೂಟಿ ಹೊತ್ತಿಗೆ ಆರಿರುತ್ತದೆ. ಪುಸ್ತಕದಲ್ಲಿ ಸಂಖ್ಯೆ ಬಿದ್ದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಹೇಳಲೇಬೇಕು. ಪುಟಸಂಖ್ಯೆ ಅಚ್ಚಾದ ಗಟ್ಟಿ ರಟ್ಟಿನ ರಿಜಿಸ್ಟರೇ ಬೇಕು, ಬಿಡಿ ಹಾಳೆಯ ಫೈಲು ಬೇಡ. ಅದರಿಂದ ಹಾಳೆ ಮಾಯವಾಗುತ್ತದೆ.

ಸೂಜಿ ಚುಚ್ಚಿದ ಗಾಯದ ವಿಷಯವನ್ನೇ ನೋಡಿ. ಎಲ್ಲ ಕಾಲೇಜಿನಲ್ಲೂ ಇರುವ ಸಮಸ್ಯೆ, ಬಹುತೇಕ ಕಡೆ ಬರಹಕ್ಕೆ ಬಂದಿರುವುದಿಲ್ಲ. ಸ್ಟಾಫ್ ನರ್ಸ್‌ಗೆ ಸೂಜಿ ಚುಚ್ಚಿದರೆ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಕ್ರಮ ಇದೆ. ವಿದ್ಯಾರ್ಥಿ ಅಲ್ಲಿ ಸ್ಟಾಫೂ ಅಲ್ಲ, ರೋಗಿಯೂ ಅಲ್ಲ. ಕ್ಯಾಶುಯಲ್ಟಿಗೆ ಹೋದರೆ ಓಪಿ ಚೀಟಿ ಮಾಡಿಸಿಕೊಂಡು ಬಾ ಅನ್ನುತ್ತಾರೆ, ಕೌಂಟರಿನಲ್ಲಿ ಹಣ ಕೇಳುತ್ತಾರೆ, ಹುಡುಗಿ ಕೈ ತೊಳೆದುಕೊಂಡು ಯಾರಿಗೂ ಹೇಳದೆ ವಾರ್ಡಿಗೆ ವಾಪಸ್ ಬರುತ್ತಾಳೆ. ಎಚ್‌ಐವಿ ತಡೆ ಔಷಧಿ ಶುರುವಾಗಬೇಕಾದದ್ದು ಸಾಧ್ಯವಾದರೆ ಎರಡು ಗಂಟೆಯೊಳಗೆ. 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಇದನ್ನು ನಡವಳಿಗೆ ಇಳಿಸುವ ನಮೂನೆ ಹೀಗೆ:

“ವಿಷಯ 3. ಸೂಜಿ ಗಾಯ. ತಂದವರು: ನಾಲ್ಕನೇ ಸೆಮಿಸ್ಟರ್ ಪ್ರತಿನಿಧಿ. ಎರಡು ತಿಂಗಳಲ್ಲಿ ಮೂರು ಘಟನೆ. ಮೆಡಿಕಲ್ ವಾರ್ಡ್ 2, ಸರ್ಜಿಕಲ್ ವಾರ್ಡ್ 1. ಮೂರೂ ಸಂಜೆ 6ರ ನಂತರ. ಒಂದರಲ್ಲೂ ಎರಡು ಗಂಟೆಯೊಳಗೆ ವೈದ್ಯರು ನೋಡಿಲ್ಲ. ಕಾರಣ: ಓಪಿ ಚೀಟಿ ಮತ್ತು ಶುಲ್ಕ. ಕೋರಿಕೆ: (ಅ) ಗುರುತಿನ ಚೀಟಿ ತೋರಿಸಿದ ವಿದ್ಯಾರ್ಥಿಯನ್ನು ಓಪಿ ಚೀಟಿ ಇಲ್ಲದೆ ನೋಡಬೇಕು. (ಆ) ಔಷಧಿಯ ಮೊದಲ ಡೋಸ್ ಕ್ಯಾಶುಯಲ್ಟಿಯಲ್ಲೇ ಇರಬೇಕು. (ಇ) ವಿದ್ಯಾರ್ಥಿಗಳ ಘಟನೆಯೂ ಸ್ಟಾಫ್ ರಿಜಿಸ್ಟರಿನಲ್ಲೇ ದಾಖಲಾಗಬೇಕು. ಯಾರಿಗೆ: ಪ್ರಾಂಶುಪಾಲರ ಮೂಲಕ ನರ್ಸಿಂಗ್ ಸೂಪರಿಂಟೆಂಡೆಂಟ್. ಉತ್ತರದ ಗಡುವು: 14 ದಿನ. ಒಯ್ಯುವವರು: ಕಾರ್ಯದರ್ಶಿ.”

ಇದರಲ್ಲಿ ಹೆಸರಿಲ್ಲ, ರೋಲ್ ನಂಬರೂ ಇಲ್ಲ. ಯಾರಿಗೆ ಚುಚ್ಚಿತು ಎಂದು ಬರೆದ ದಿನವೇ ಮುಂದಿನ ಹುಡುಗಿ ಹೇಳುವುದನ್ನು ನಿಲ್ಲಿಸುತ್ತಾಳೆ. ‘ಬಹಳ’, ‘ಯಾವಾಗಲೂ’, ‘ಯಾರೂ ಕೇಳುವುದಿಲ್ಲ’ ಎಂಬ ಮಾತುಗಳೂ ಇಲ್ಲ. ಸೂಪರಿಂಟೆಂಡೆಂಟ್ ಅಂಥ ಕಾಗದವನ್ನು ಓದಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಸಲ?’ ಉತ್ತರ ಕಾಗದದಲ್ಲೇ ಇದ್ದರೆ ಮಾತು ಮುಂದಕ್ಕೆ ಹೋಗುತ್ತದೆ. ಕೋರಿಕೆ (ಇ) ಸಣ್ಣದಾಗಿ ಕಾಣುತ್ತದೆ, ಆದರೆ ಉಳಿದೆರಡನ್ನೂ ಮುಂದಿನ ವರ್ಷವೂ ನಡೆಸಿಕೊಂಡು ಹೋಗುವುದು ಅದೇ. ರಿಜಿಸ್ಟರಿನಲ್ಲಿ ಸಾಲು ಬಿದ್ದಮೇಲೆ ಆಸ್ಪತ್ರೆಯ ಸ್ವಂತ ಸಮಿತಿಯೇ ಅದನ್ನು ಓದಬೇಕಾಗುತ್ತದೆ.

ಇದರ ಬೆನ್ನಿಗೇ ಬರುವುದು ಹೆಪಟೈಟಿಸ್ ಬಿ ಲಸಿಕೆ: 0, 1, 6 ತಿಂಗಳಿಗೆ ಮೂರು ಡೋಸ್. ಇಂಜೆಕ್ಷನ್ ಕೊಡುವುದನ್ನು ಕಲಿಸುವುದು ಎರಡನೇ ಸೆಮಿಸ್ಟರ್‌ನಲ್ಲಿ. ಆದ್ದರಿಂದ ‘ಮೊದಲ ವರ್ಷ ಮುಗಿಯುವುದರೊಳಗೆ ಲಸಿಕೆ’ ಎಂದು ಕೇಳಿದರೆ ತಡವಾಯಿತು. ‘ಸೇರಿದ ಮೊದಲ ತಿಂಗಳಲ್ಲಿ ಮೊದಲ ಡೋಸ್’ ಎಂದು ಕೇಳಬೇಕು. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ಪ್ರತಿಕಾಯ ಮಿಲಿಲೀಟರಿಗೆ 10 ಮಿಲಿ ಯೂನಿಟ್ (mIU/mL) ಅಥವಾ ಮೇಲಿದ್ದರೆ ರಕ್ಷಣೆ ಬಂದಿದೆ ಎಂದರ್ಥ. ಲಸಿಕೆ ಕೊಡಿಸುವ ಕಾಲೇಜುಗಳೂ ಈ ಪರೀಕ್ಷೆಯನ್ನು ಬಿಡುತ್ತವೆ. ಖರ್ಚಿನ ಅಂದಾಜನ್ನು ಖಜಾಂಚಿ ಆಸ್ಪತ್ರೆಯ ಲ್ಯಾಬಿನಲ್ಲೇ ಕೇಳಿ ಕಾಗದದ ಜೊತೆ ಲಗತ್ತಿಸಲಿ. ಅಂದಾಜಿಲ್ಲದ ಬೇಡಿಕೆ ‘ಆಡಳಿತ ಮಂಡಳಿಯ ಮುಂದಿಡುತ್ತೇವೆ’ ಎಂಬ ಉತ್ತರದೊಂದಿಗೆ ಹಿಂದಕ್ಕೆ ಬರುತ್ತದೆ.

ಯಾವ ಬಾಗಿಲು ತಟ್ಟಬೇಕು ಎಂಬುದರಲ್ಲೂ ತಪ್ಪು ಆಗುತ್ತದೆ. ಹಾಸ್ಟೆಲ್ ಊಟದ ದೂರನ್ನು ದೆಹಲಿಯ ಟಿಎನ್‌ಎಐ ಕಚೇರಿಗೆ ಬರೆದವರಿದ್ದಾರೆ. ಹಾಸ್ಟೆಲ್, ಬಸ್ಸು, ಶುಲ್ಕ ಕಾಲೇಜಿಗೆ. ವಾರ್ಡಿನದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ; ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಜೊತೆ ಮೊದಲು ಮಾತಾಡದೆ ಮೇಲೆ ಹೋದರೆ ಆ ವಾರ್ಡಿನಲ್ಲಿ ಮುಂದಿನ ಬ್ಯಾಚು ಅನುಭವಿಸುತ್ತದೆ. ಪರೀಕ್ಷೆ, ಫಲಿತಾಂಶ, ಮರುಮೌಲ್ಯಮಾಪನ ಬಿಎಸ್ಸಿಯವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವವರಿಗೆ ಡಿಪ್ಲೊಮಾ ಪರೀಕ್ಷಾ ಮಂಡಳಿ. ನೋಂದಣಿಯ ತೊಡಕು ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ. ಒಂದೇ ಸಮಸ್ಯೆ ನಾಲ್ಕೈದು ಕಾಲೇಜಿನಲ್ಲಿದ್ದರೆ ಮಾತ್ರ ಟಿಎನ್‌ಎಐ ರಾಜ್ಯ ಶಾಖೆ, ಅಲ್ಲಿಂದ ರಾಷ್ಟ್ರಮಟ್ಟ. ಪಕ್ಕದ ಕಾಲೇಜುಗಳ ಕಾರ್ಯದರ್ಶಿಗಳನ್ನು ಕೇಳಿ ‘ನಮ್ಮಲ್ಲೂ ಇದೆ’ ಎಂಬ ಕಾಗದ ತರಿಸಿ ಜೊತೆಗಿಟ್ಟರೆ ಅದು ರಾಜ್ಯದ ವಿಷಯವಾಗುತ್ತದೆ. ಇಲ್ಲವಾದರೆ ನಿಮ್ಮ ಕಾಲೇಜಿನ ಜಗಳ.

ಭಾಷೆಯ ಮಾತು. ಕ್ಲಾಸಿನಲ್ಲಿ ಕೇರಳದವರು, ಬಂಗಾಳ ಮತ್ತು ಈಶಾನ್ಯದವರು, ರಾಯಚೂರು ಕಡೆಯ ಕನ್ನಡ ಮಾಧ್ಯಮದವರು ಎಲ್ಲ ಸೇರಿರುತ್ತಾರೆ. ಸಭೆ ಬರೀ ಇಂಗ್ಲಿಷಿನಲ್ಲಿ ನಡೆದರೆ ಕೊನೆಯವರು ಬಾಯಿ ಬಿಡುವುದಿಲ್ಲ, ಬರೀ ಕನ್ನಡವಾದರೆ ಉಳಿದವರು. ವಿಷಯಪಟ್ಟಿಯನ್ನು ಎರಡರಲ್ಲೂ ಮೂರು ದಿನ ಮುಂಚೆ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಮಾತು ಬಂದ ಭಾಷೆಯಲ್ಲಿ, ಸಹಕಾರ್ಯದರ್ಶಿ ಎರಡು ವಾಕ್ಯದಲ್ಲಿ ತಿರುಗಿಸಿ ಹೇಳುತ್ತಾರೆ. ಅಂದಹಾಗೆ, ಹೊರರಾಜ್ಯದವರಿಗೆ ವಾರ್ಡ್ ಕನ್ನಡ ಕಲಿಸುವುದು ಎಸ್‌ಎನ್‌ಎ ಮಾಡಬಹುದಾದ ಅಗ್ಗದ, ಉಪಯುಕ್ತ ಕೆಲಸ. ‘ನೋವು ಎಲ್ಲಿದೆ’ ಸಾಲದು. ‘ಎದೆ ಉರಿ’ ಬೇರೆ, ‘ಎದೆ ಹಿಡಿದಂಗಾಗುತ್ತೆ’ ಬೇರೆ, ‘ಹೊಟ್ಟೆ ತೊಳಸುತ್ತೆ’ ಎಂದರೆ ವಾಕರಿಕೆ, ‘ಸಂಕಟ’ ಎಂದರೆ ಇನ್ನೂ ಎರಡು ಪ್ರಶ್ನೆ ಕೇಳಬೇಕು.

ಹಣ ಕಾಲೇಜಿನ ಖಾತೆಯಲ್ಲಿ ಬೆರೆಯಬಾರದು. ಪ್ರತ್ಯೇಕ ಬ್ಯಾಂಕ್ ಖಾತೆ, ಅಡ್ವೈಸರ್ ಮತ್ತು ಖಜಾಂಚಿಯ ಜಂಟಿ ಸಹಿ, ಕ್ರಮಸಂಖ್ಯೆಯ ರಸೀದಿ ಪುಸ್ತಕ, ಮೂರು ತಿಂಗಳಿಗೊಮ್ಮೆ ಎಲ್ಲರೆದುರು ಲೆಕ್ಕ ಓದುವುದು. ಸದಸ್ಯತ್ವದ ಅರ್ಜಿಯಲ್ಲಿ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಬಿಡಿಸಿ ಬರೆದಿರುತ್ತದೆ; ಕೋರ್ಸ್ ಮುಗಿದು ಟಿಎನ್‌ಎಐ ಸದಸ್ಯತ್ವಕ್ಕೆ ಹೋಗುವಾಗ ದಾಖಲೆ ಹೊಂದುವುದಿಲ್ಲ. ಹಣ ಕಳಿಸುವ ಮುಂಚೆ ಪಟ್ಟಿಯನ್ನು ಬೋರ್ಡಿಗೆ ಹಾಕಿ, ಪ್ರತಿಯೊಬ್ಬರಿಂದ ಅವರ ಹೆಸರಿನ ಎದುರು ಸಹಿ ತಗೊಳ್ಳಿ.

ಇನ್ನು ಸಮ್ಮೇಳನ. ಎರಡು ವರ್ಷಕ್ಕೊಮ್ಮೆ ನಡೆಯುವ ಎಸ್‌ಎನ್‌ಎ ಸಮ್ಮೇಳನಗಳಿಗೆ ಕಾಲೇಜುಗಳು ಕಳಿಸುವುದು ಕುಣಿಯುವವರನ್ನು, ಹಾಡುವವರನ್ನು, ಪರ್ಸನಾಲಿಟಿ ಕಾಂಟೆಸ್ಟಿಗೆ ಎತ್ತರ ಇರುವವರನ್ನು. ಟ್ರೋಫಿ ಬರುತ್ತದೆ, ಪ್ರಾಂಶುಪಾಲರ ಕೋಣೆಯ ಗಾಜಿನ ಬೀರು ತುಂಬುತ್ತದೆ. ಜನರಲ್ ಬಾಡಿ ಸಭೆ ನಡೆಯುವ ಹೊತ್ತಿಗೆ ಅದೇ ಹುಡುಗಿಯರು ಮೇಕಪ್ ಕೋಣೆಯಲ್ಲಿರುತ್ತಾರೆ. ಹತ್ತು ಜನರ ತಂಡ ಹೋದರೆ ಇಬ್ಬರಿಗೆ ಯಾವ ಸ್ಪರ್ಧೆಯೂ ಬೇಡ. ಅವರ ಕೆಲಸ ಒಂದೇ: ಜನರಲ್ ಬಾಡಿಯಲ್ಲಿ ಕೂರುವುದು, ನಿರ್ಣಯ ಮಂಡಿಸುವುದು, ಬರೆದುಕೊಂಡು ಬರುವುದು. ನಿರ್ಣಯ ಎರಡೇ ವಾಕ್ಯ ಇರಲಿ, ಮಂಡಿಸುವವರು ಒಂದು ಕಾಲೇಜಿನವರು, ಅನುಮೋದಿಸುವವರು ಇನ್ನೊಂದರವರು. ರಾಜ್ಯ ಶಾಖೆಗೆ ಮುಂಚಿತವಾಗಿ ಅಡ್ವೈಸರ್ ಮೂಲಕ ಲಿಖಿತವಾಗಿ ತಲುಪಿರಲಿ. ವೇದಿಕೆ ಹತ್ತಿ ಏಕಾಏಕಿ ಎತ್ತಿದ ವಿಷಯ ಚಪ್ಪಾಳೆ ಗಿಟ್ಟಿಸುತ್ತದೆ, ನಡವಳಿಗೆ ಸೇರುವುದಿಲ್ಲ.

ಹೋಗುವ ಮುಂಚೆ ಹಾಜರಾತಿ ಲೆಕ್ಕ ಮಾಡಿ. ಥಿಯರಿಗೆ 80 ಪ್ರತಿಶತ ಸಾಕು, ಆದರೆ ಪದವಿ ಸಿಗುವಷ್ಟರಲ್ಲಿ ಕ್ಲಿನಿಕಲ್ ಹಾಜರಾತಿ 100 ಪ್ರತಿಶತ ಆಗಿರಬೇಕು. ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ದಿನ ಹೋದರೆ 32 ಗಂಟೆ ಬಾಕಿ. ಆನ್ ಡ್ಯೂಟಿ ಪತ್ರ ಇದ್ದರೂ ವಾರ್ಡಿನ ಗಂಟೆಯನ್ನು ತುಂಬಿಕೊಡಲೇಬೇಕು. ಯಾವ ಭಾನುವಾರ, ಯಾವ ವಾರ್ಡು ಎಂದು ಹೊರಡುವ ಮುಂಚೆಯೇ ಬರೆಸಿಕೊಂಡು ಟ್ಯೂಟರ್ ಸಹಿ ಹಾಕಿಸಿ. ಇದನ್ನು ಬಿಟ್ಟರೆ ಕೊನೆಯ ಸೆಮಿಸ್ಟರ್‌ನಲ್ಲಿ ಎಸ್‌ಎನ್‌ಎಯಲ್ಲಿ ದುಡಿದವರಿಗೇ ಶಿಕ್ಷೆ, ಆಮೇಲೆ ಹುದ್ದೆಗೆ ಯಾರೂ ನಿಲ್ಲುವುದಿಲ್ಲ. ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಹತ್ತು ಜನರ ಹೆಸರು, ವಯಸ್ಸು ಅಷ್ಟರೊಳಗೆ ಅಂತಿಮವಾಗಿರಬೇಕು. ಪೋಷಕರ ಒಪ್ಪಿಗೆ ಪತ್ರ ಸಹಿ ಸಮೇತ ಬೇಕು, ಫೋನಿನ ಮಾತು ಸಾಲದು.

ಎಸ್‌ಎನ್‌ಎ ಡೈರಿಯನ್ನು ಸಮ್ಮೇಳನದಲ್ಲಿ ತೀರ್ಪುಗಾರರು ನೋಡುತ್ತಾರೆ, ಬಹುಮಾನವೂ ಉಂಟು. ಹೆಚ್ಚಿನ ಕಡೆ ಎರಡು ವರ್ಷದ ಡೈರಿ ಕೊನೆಯ ವಾರದಲ್ಲಿ ಗ್ಲಿಟರ್ ಪೆನ್ನು, ಥರ್ಮಾಕೋಲ್ ಹೊದ್ದು ಹುಟ್ಟುತ್ತದೆ. ಕಾರ್ಯಕ್ರಮ ಆದ ಮೂರು ದಿನದೊಳಗೆ ದಿನಾಂಕ, ಹಾಜರಿದ್ದವರ ಸಂಖ್ಯೆ, ಖರ್ಚು, ಒಂದು ಫೋಟೋ ಹಾಕಿಬಿಟ್ಟರೆ ಕೊನೆಗೆ ಅಲಂಕಾರ ಮಾತ್ರ ಉಳಿಯುತ್ತದೆ.

ಅಧಿಕಾರ ಹಸ್ತಾಂತರಕ್ಕೆ ಒಂದು ಮಧ್ಯಾಹ್ನ ಇಡುತ್ತೇವೆ. ನಡವಳಿ ಪುಸ್ತಕ, ರಸೀದಿ ಕೌಂಟರ್‌ಫಾಯಿಲ್, ಪಾಸ್‌ಬುಕ್, ಸದಸ್ಯರ ಪಟ್ಟಿ, ಡೈರಿ, ಬೀರುವಿನ ಕೀಲಿ. ಬಾಕಿ ಉಳಿದ ವಿಷಯಗಳನ್ನು ಹಳೆಯ ಕಾರ್ಯದರ್ಶಿಯೇ ಹೊಸ ಪುಸ್ತಕದ ಮೊದಲ ಪುಟಕ್ಕೆ ಕೈಬರಹದಲ್ಲಿ ಇಳಿಸುತ್ತಾರೆ: ಸಂಖ್ಯೆ, ದಿನಾಂಕ, ಯಾರಿಗೆ ಕೊಟ್ಟದ್ದು, ಎಲ್ಲಿ ನಿಂತಿದೆ. ಜೆರಾಕ್ಸ್ ಅಂಟಿಸಲು ಬಿಡುವುದಿಲ್ಲ. ಹೊಸ ಕಾರ್ಯದರ್ಶಿ ಅದನ್ನು ಜೋರಾಗಿ ಓದಿ, ಅರ್ಥವಾಗದ್ದನ್ನು ಅಲ್ಲೇ ಕೇಳಿ, ಆಮೇಲೆ ಸಹಿ ಹಾಕುತ್ತಾರೆ.