ಹುಂಜದ ವಯಸ್ಸು ತಿಳಿಯಬೇಕಾ? ಮೊದಲು ಕಾಲು ನೋಡಿ

ಮರಿ ಹೊರಬಂದ ದಿನವನ್ನು ಬರೆದಿಟ್ಟುಕೊಂಡಿಲ್ಲದಿದ್ದರೆ ಹುಂಜದ ವಯಸ್ಸನ್ನು ಪಕ್ಕಾ ಹೇಳುವುದು ಕಷ್ಟ. ವರ್ಷದೊಳಗಿನದಾದರೆ ತಿಂಗಳ ಲೆಕ್ಕದಲ್ಲಿ ಅಂದಾಜು ಸಿಗುತ್ತದೆ. 2 ವರ್ಷ ದಾಟಿತು ಅಂದ್ರೆ 'ಹಳೇ ಹುಂಜ' ಅನ್ನಬಹುದು, ಅಷ್ಟೇ.

ಮೈ ಗಾತ್ರ ನೋಡಿ ಮೋಸ ಹೋಗಬೇಡಿ. ಬ್ರಾಯ್ಲರ್ 6 ವಾರಕ್ಕೆಲ್ಲ 2 ಕೆಜಿ ತೂಗುತ್ತದೆ, ಆದರೂ ಅದು ಮರಿಯೇ, ಚಿಂವ್ ಚಿಂವ್ ಅಂತಲೇ ಇರುತ್ತದೆ.

ಹುಂಜವನ್ನು ಹಿಡಿದು ಕಾಲು ನೋಡಿ. ಪಾದಕ್ಕಿಂತ ಸ್ವಲ್ಪ ಮೇಲೆ, ಒಳಬದಿಯಲ್ಲಿ ಮುಳ್ಳು ಇರುತ್ತದೆ. 4-5 ತಿಂಗಳಿನದಕ್ಕೆ ಅಲ್ಲಿ ಅಂಗಿ ಗುಂಡಿಯಷ್ಟು ಉಬ್ಬು ಮಾತ್ರ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ಅದು ಅಲುಗಾಡುತ್ತದೆ, ಯಾಕೆಂದರೆ ಇನ್ನೂ ಚರ್ಮದಲ್ಲೇ ಇದೆ, ಕಾಲಿನ ಮೂಳೆಗೆ ಕೂಡಿಕೊಂಡಿಲ್ಲ. ವರ್ಷ ತುಂಬುವ ಹೊತ್ತಿಗೆ ಮೂಳೆಗೆ ಬೆಸೆದು ಗಟ್ಟಿಯಾಗಿ, ಸುಮಾರು ಒಂದೂವರೆ ಸೆಂಟಿಮೀಟರ್ ಆಗಿರುತ್ತದೆ. ಆಮೇಲೆ ವರ್ಷ ಕಳೆದ ಹಾಗೆ ಉದ್ದವಾಗಿ, ಚೂಪಾಗಿ, ಬಾಗುತ್ತಾ ಹೋಗುತ್ತದೆ. ಆದರೆ ಎಲ್ಲ ತಳಿಗೂ ಒಂದೇ ವೇಗ ಅಲ್ಲ. ಕೆಲವರು ಮುಳ್ಳು ಕತ್ತರಿಸಿರುತ್ತಾರೆ, ಕೆಲವು ಸಲ ಜಗಳದಲ್ಲಿ ಮುರಿದಿರುತ್ತದೆ, ಹಾಗಾಗಿ ಅಳತೆಪಟ್ಟಿ ಹಿಡಿದು ಅದೊಂದನ್ನೇ ನಂಬಿದರೆ ಆಗುವುದಿಲ್ಲ.

ಎದೆಮೂಳೆಯನ್ನೂ ಮುಟ್ಟಿ ನೋಡಿ. ಅದರ ಹಿಂದಿನ ತುದಿ ಎಳೆಯ ಹುಂಜದಲ್ಲಿ ಮೆತ್ತಗಿದ್ದು ಬಾಗುತ್ತದೆ, ಬಲಿತದ್ದರಲ್ಲಿ ಕಲ್ಲಿನ ಹಾಗೆ ಗಟ್ಟಿ. ನನ್ನ ಪ್ರಕಾರ ಎಳೆಯದೋ ಬಲಿತದ್ದೋ ಅನ್ನಲು ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಕೂಗು ಸಾಮಾನ್ಯವಾಗಿ 4-5 ತಿಂಗಳಿಗೆ ಶುರು. ಮೊದಮೊದಲು ಗಂಟಲು ಒಡೆದಂತೆ ಅರ್ಧಂಬರ್ಧ ಕೂಗುತ್ತದೆ, ಕೇಳಿದರೆ ನಗು ಬರುತ್ತದೆ. ಕತ್ತಿನ ಚೂಪು ಗರಿ, ಬಾಲದ ಬಾಗಿದ ಉದ್ದ ಗರಿ ಕೂಡ ಹೆಚ್ಚುಕಮ್ಮಿ ಅದೇ ಸಮಯಕ್ಕೆ ಬರುತ್ತವೆ.

ಕಾಲಿನ ಚಿಪ್ಪು ಎಳೆಯದರಲ್ಲಿ ನಯ, ಮುದಿಯದರಲ್ಲಿ ಒರಟು. ಆದರೆ ಚಿಪ್ಪಿನಡಿ ನುಸಿ ಸೇರಿದರೂ ಹಾಗೇ ಎದ್ದು ನಿಲ್ಲುತ್ತದೆ, ಆಗ ಎಳೆಯ ಹುಂಜವೂ ಮುದಿಯಂತೆ ಕಾಣುತ್ತದೆ. ಎರಡೂ ಕಾಲಿಗೆ ಬಿಳಿ ಪುಡಿಯಂಥ ಹೊಟ್ಟು ಕಟ್ಟಿದ್ದರೆ ಮೊದಲು ಅದರ ಮೇಲೇ ಅನುಮಾನ ಇರಲಿ.

ಮುಳ್ಳು ಮೊಂಡು, ಎದೆಮೂಳೆ ಗಟ್ಟಿ, ಕೂಗು ತುಂಬು ಗಂಟಲಿನದು ಅಂದ್ರೆ? ಯಾರೋ ಮುಳ್ಳು ಕತ್ತರಿಸಿರಬಹುದು, ಇಲ್ಲವೇ ಜಗಳದಲ್ಲಿ ಮುರಿದಿರಬಹುದು. ಮೂಳೆ ಹೇಳಿದ್ದನ್ನೇ ನಂಬಿ.